ಗಿಡ ಎತ್ತಿ ನೆಡುವ ಉದ್ದ ಅಲಗಿನ ಸಲಿಕೆ: ಯಾವುದನ್ನು ಕೊಳ್ಳಬೇಕು, ಎಲ್ಲಿಯವರೆಗೆ ನೆಚ್ಚಬಹುದು

ಬೇರೂರಿದ ಗಿಡವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಕೂರಿಸುವುದಕ್ಕೆಂದೇ ಮಾಡಿದ ಸಲಿಕೆ ಒಂದಿದೆ. ಅಲಗು 35ರಿಂದ 40 ಸೆಂ.ಮೀ. ಉದ್ದ, 12ರಿಂದ 15 ಸೆಂ.ಮೀ. ಅಗಲ. ತುದಿಗೆ ಬರುತ್ತ ತುಸು ಕಿರಿದಾಗುತ್ತದೆ, ಬೆನ್ನು ಹೆಚ್ಚು ಬಾಗಿರುವುದಿಲ್ಲ. ಟ್ರಾನ್ಸ್‌ಪ್ಲಾಂಟಿಂಗ್ ಸ್ಪೇಡ್, ಡ್ರೇನ್ ಸ್ಪೇಡ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಕಾಂಡ 4–5 ಸೆಂ.ಮೀ. ದಪ್ಪದವರೆಗಿನ ಗಿಡಕ್ಕೆ, ಎದೆಮಟ್ಟದ ಪೊದೆಗೆ ಇದಕ್ಕಿಂತ ಒಳ್ಳೆಯ ಕೈ ಉಪಕರಣವಿಲ್ಲ. ಅದಕ್ಕೂ ದಪ್ಪದ ಮರಕ್ಕೆ ಇದೊಂದೇ ಸಾಲದು. ನೆಟ್ಟ ಗಿಡ ಚೇತರಿಸಿಕೊಳ್ಳಲೆಂದು ಇದರ ಜೊತೆಗೆ ಕೊಳ್ಳಿರೆಂದು ತೋರಿಸುವ ಬಾಟಲಿ ದ್ರಾವಣ ಬೇಡ, ಆ ದುಡ್ಡು ಅಲಗನ್ನು ಹರಿತ ಮಾಡುವ ಒಂದು ಚಪ್ಪಟೆ ಅರಕ್ಕೂ ಎತ್ತಿದ ಬುಡವನ್ನು ಸುತ್ತುವ ನಾಲ್ಕು ಸೆಣಬಿನ ಗೋಣಿಗೂ ಹೋಗಲಿ.

ಗುದ್ದಲಿ ಇದ್ದಮೇಲೆ ಇದೇಕೆ ಎಂದು ಕೇಳುವವರಿಗೆ ಉತ್ತರ ಬೇರಿನ ತುದಿಯಲ್ಲೇ ಇದೆ. ಗುದ್ದಲಿ ಹೊಡೆದು ತನ್ನತ್ತ ಎಳೆಯುತ್ತದೆ. ಆ ಎಳೆತಕ್ಕೆ ಬೇರಿನ ಸುತ್ತ ಗಿಡದೊಂದಿಗೇ ಎದ್ದುಬರಬೇಕಾದ ಮಣ್ಣಿನ ಹೆಂಟೆ ಬಿರಿಯುತ್ತದೆ, ಬೇರು ಕತ್ತರಿಸುವುದರ ಬದಲು ಹರಿಯುತ್ತದೆ. ಬೆರಳು ಗಾತ್ರದ ಬೇರೊಂದನ್ನು ಕೈಗೆತ್ತಿಕೊಂಡು ನೋಡಿ. ಹರಿತವಾದ ಸಲಿಕೆ ಕತ್ತರಿಸಿದ್ದಾದರೆ ತುದಿ ದುಂಡಗೆ, ಬೆಳ್ಳಗೆ, ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಸುತ್ತಲಿನ ತೊಗಟೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಗುದ್ದಲಿ ಎಳೆದಿದ್ದಾದರೆ ನಾರು ನಾರಾಗಿ ಸೀಳಿ, ತೊಗಟೆ ಒಂದು ಗೇಣು ಹಿಂದಕ್ಕೆ ಸುಲಿದಿರುತ್ತದೆ. ಹೊಸ ಬೇರು ಮೂಡುವುದು ಕತ್ತರಿಸಿದ ಜಾಗದ ಬೆನ್ನಿಗೇ. ಸೀಳಿದ ಬೇರು ಮೊದಲು ಸೀಳಿದಷ್ಟೂ ದೂರ ಒಣಗಿ, ಗಟ್ಟಿ ಜಾಗ ಸಿಕ್ಕ ಮೇಲಷ್ಟೇ ಚಿಗುರಬೇಕು. ಎತ್ತುವಾಗಲೇ ಬೇರಿನ ಬಹುಪಾಲನ್ನು ಕಳೆದುಕೊಳ್ಳುವ ಗಿಡಕ್ಕೆ ಉಳಿದ ಒಂದೊಂದು ಇಂಚೂ ದೊಡ್ಡದು.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಲಗಿಗೂ ಹಿಡಿಗೂ ಇರುವ ಜೋಡಣೆ. ಅಗ್ಗದ ಸಲಿಕೆಗಳನ್ನು ತಗಡನ್ನು ಒತ್ತಿ ಮಾಡಿರುತ್ತಾರೆ. ಹಿಡಿ ಕೂರುವ ಕೊಳವೆಯ ಹಿಂಭಾಗ ತೆರೆದಿರುತ್ತದೆ, ಅಲ್ಲಿ ಮಣ್ಣು ನೀರು ಸೇರಿ ಮರ ಕೊಳೆಯುತ್ತದೆ, ಬಲ ಬಿದ್ದಾಗ ತಗಡು ಅಲ್ಲೇ ಮಡಚಿಕೊಳ್ಳುತ್ತದೆ. ಒಂದೇ ಉಕ್ಕಿನ ತುಂಡನ್ನು ಬಡಿದು ಮಾಡಿದ, ಸುತ್ತಲೂ ಮುಚ್ಚಿದ ಕೊಳವೆಯಿರುವ ಸಲಿಕೆ ತೂಕದಲ್ಲಿ ಸ್ವಲ್ಪ ಭಾರ, ಆದರೆ ಅದೇ ಬೇಕು. ಹಿಡಿಯ ಮೇಲೆ ಮುಂದೂ ಹಿಂದೂ ಉಕ್ಕಿನ ಪಟ್ಟಿ ಹತ್ತಿ ಬಂದಿದ್ದರೆ ಇನ್ನೂ ಒಳ್ಳೆಯದು. ತಗಡಿನ ದಪ್ಪವನ್ನು ಗೇಜಿನಲ್ಲಿ ಬರೆದಿದ್ದರೆ 14 ಗೇಜು, ಎಂದರೆ ಸುಮಾರು 2 ಮಿ.ಮೀ., ಕನಿಷ್ಠ. 16 ಗೇಜಿನದ್ದು ಬೇರು ತಾಗಿದ ಕೂಡಲೇ ತುದಿ ತಿರುಚುತ್ತದೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂಬುದು ನೆನಪಿರಲಿ, ಹಲವರು ಇಲ್ಲೇ ಎಡವುತ್ತಾರೆ.

ಸ್ಟೇನ್‌ಲೆಸ್ ಉಕ್ಕೋ ಕಾರ್ಬನ್ ಉಕ್ಕೋ ಎಂಬ ಪ್ರಶ್ನೆಗೆ ಈ ಕೆಲಸದ ಮಟ್ಟಿಗೆ ಕಾರ್ಬನ್ ಉಕ್ಕಿಗೇ ನಮ್ಮ ಮತ. ಸ್ಟೇನ್‌ಲೆಸ್‌ಗೆ ಜೇಡಿಮಣ್ಣು ಕಡಿಮೆ ಅಂಟುತ್ತದೆ, ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಹದ ಹಾಕಿದ ಕಾರ್ಬನ್ ಉಕ್ಕು ಅರದಿಂದ ಸುಲಭವಾಗಿ ಹರಿತವಾಗುತ್ತದೆ, ಆ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ. ಬೇರು ಕತ್ತರಿಸುವ ಸಲಿಕೆಗೆ ಹರಿತವೇ ಪ್ರಾಣ. ಅಲಗಿನ ಮೇಲಂಚಿನಲ್ಲಿ ಕಾಲಿಡಲು ಮಡಿಚಿದ ಪಟ್ಟಿ ಇರಲೇಬೇಕು, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಪಾದರಕ್ಷೆಯ ಅಟ್ಟೆ ಸೀಳುತ್ತದೆ. ಹಿಡಿಯ ತುದಿ ಡಿ ಆಕಾರದಲ್ಲಿದ್ದರೆ ಅಲಗು ತಿರುಗದೆ ನೆಟ್ಟಗೆ ಇಳಿಯುತ್ತದೆ.

ಇಂಥ ಸಲಿಕೆಗಳ ದೊಡ್ಡ ಕೊರತೆಯೆಂದರೆ ಹೆಚ್ಚಿನವು ಮೊಂಡಾಗಿಯೇ ಕೈಗೆ ಬರುತ್ತವೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಮಣ್ಣಿಗೆ ಇಳಿಸಬೇಡಿ. ಅಲಗನ್ನು ಗಟ್ಟಿಯಾಗಿ ಬಿಗಿದು, ಒಳಮೈ ಕಡೆಯಿಂದ ಮಾತ್ರ, 45 ಡಿಗ್ರಿ ಆಸುಪಾಸಿನ ಓರೆಯಲ್ಲಿ ಅರವನ್ನು ಮುಂದಕ್ಕೆ ತಳ್ಳುತ್ತ ಉಜ್ಜಿ. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿಬಿಡಿ, ಇಲ್ಲವಾದರೆ ಅರದ ಹಲ್ಲು ಸವೆಯುತ್ತದೆ. ಬೆನ್ನಿನ ಕಡೆ ಮೂಡುವ ಸಣ್ಣ ಗರಗಸದಂಥ ಅಂಚನ್ನು ಒಂದೆರಡು ಬಾರಿ ಚಪ್ಪಟೆಯಾಗಿ ಸವರಿ ತೆಗೆದರೆ ಮುಗಿಯಿತು. ಕಾಗದ ಕತ್ತರಿಸುವಷ್ಟು ಹರಿತ ಬೇಡ, ಅಷ್ಟು ತೆಳುವಾದ ಅಂಚು ಮೊದಲ ಕಲ್ಲಿಗೇ ಮುಕ್ಕಾಗುತ್ತದೆ.

ಹೆಂಟೆಯ ಗಾತ್ರ ತಪ್ಪಿದರೆ ಎಂಥ ಸಲಿಕೆಯಿದ್ದೂ ಪ್ರಯೋಜನವಿಲ್ಲ. ನೆಲದಿಂದ 15 ಸೆಂ.ಮೀ. ಮೇಲೆ ಕಾಂಡದ ದಪ್ಪ ಅಳೆಯಿರಿ. ಅದರ 10ರಿಂದ 12 ಪಟ್ಟು ಅಗಲದ ಹೆಂಟೆ ಬರಬೇಕು. 4 ಸೆಂ.ಮೀ. ಕಾಂಡಕ್ಕೆ 40ರಿಂದ 48 ಸೆಂ.ಮೀ. ಅಗಲ, ಆಳ ಅದರ ಮೂರರಲ್ಲಿ ಎರಡು ಪಾಲು. ಬುಡದಿಂದಲೇ ಹಲವು ಕಾಂಡ ಒಡೆಯುವ ದಾಸವಾಳದಂಥ ಪೊದೆಗೆ ಎತ್ತರ ನೋಡಿ: ಒಂದು ಮೀಟರ್ ಎತ್ತರಕ್ಕೆ ಸುಮಾರು 35 ಸೆಂ.ಮೀ., ಒಂದೂವರೆ ಮೀಟರಿಗೆ 40ರಿಂದ 45. ಇನ್ನು ತೂಕ. 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಹಸಿ ಹೆಂಟೆ 60–70 ಕೆ.ಜಿ. ತೂಗುತ್ತದೆ, ಇಬ್ಬರಿಗೆ ಅದೇ ಮಿತಿ. 60 ಸೆಂ.ಮೀ. ಅಗಲವಾದರೆ 130 ಕೆ.ಜಿ. ದಾಟುತ್ತದೆ. 10 ಸೆಂ.ಮೀ. ಕಾಂಡದ ಮರಕ್ಕೆ ಬೇಕಾದ ಹೆಂಟೆ ಅರ್ಧ ಟನ್ನಿಗೂ ಮೇಲೆ, ಅಲ್ಲಿಗೆ ಯಂತ್ರದವರನ್ನೇ ಕರೆಯಬೇಕು. ಹೊರಲಾಗದು ಎಂದು ಹೆಂಟೆಯನ್ನು ಕೆತ್ತಿ ಚಿಕ್ಕದು ಮಾಡುವುದೇ ಗಿಡ ಸಾಯಲು ಮೊದಲ ಕಾರಣ.

ಸಲಿಕೆಯನ್ನು ಬಳಸುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ, ಪ್ಯಾಕೆಟ್ಟಿನ ಮೇಲೆ ಅದನ್ನು ಬರೆದಿರುವುದು ಅಪರೂಪ. ಅಲಗಿನ ಬೆನ್ನು ಗಿಡದ ಕಡೆಗಿರಬೇಕು, ಒಳಮೈ ಹೊರಗೆ. ನಾವು ಸಹಜವಾಗಿ ಹಿಡಿಯುವುದು ಇದಕ್ಕೆ ತಿರುಗುಮುರುಗು. ಹಾಗೆ ಹಿಡಿದರೆ ಅಲಗು ಇಳಿಯುತ್ತ ಒಳಕ್ಕೆ ಬಾಗಿ ಹೆಂಟೆಯನ್ನು ಕೊರೆಯುತ್ತದೆ, ಹಿಡಿ ಒತ್ತಿದಾಗ ಹೆಂಟೆಯೇ ಮೇಲೆದ್ದು ಬಿರಿಯುತ್ತದೆ.

ಹಿಂದಿನ ದಿನ ಬುಡಕ್ಕೆ ಚೆನ್ನಾಗಿ ನೀರುಣಿಸಿ. ಒಣ ಮಣ್ಣು ಉದುರುತ್ತದೆ, ಅಂದೇ ನೀರು ಹಾಕಿದರೆ ಕೆಸರಾಗಿ ಜಾರುತ್ತದೆ. ಹರಡಿದ ಕೊಂಬೆಗಳನ್ನು ಮೆತ್ತನೆಯ ಹಗ್ಗದಿಂದ ಮೇಲಕ್ಕೆ ಸೇರಿಸಿ ಕಟ್ಟಿ. ಬುಡದ ಮೇಲಿನ ಸಡಿಲ ಮಣ್ಣನ್ನು ಮೊದಲ ಬೇರು ಕಾಣುವವರೆಗೆ ಕೈಯಿಂದಲೇ ಕೆರೆದು ತೆಗೆಯಿರಿ. ಆ ಮಣ್ಣಲ್ಲಿ ಬೇರಿಲ್ಲ, ಹೊತ್ತರೆ ಬರೀ ಭಾರ. ಆಮೇಲೆ ಗುರುತು ಮಾಡಿದ ವೃತ್ತದ ಮೇಲೆ ಅಲಗನ್ನು ನೆಟ್ಟಗೆ ಪೂರ್ತಿ ಇಳಿಸುತ್ತ ಒಂದು ಸುತ್ತು ಬನ್ನಿ, ಪ್ರತಿ ಇಳಿತವೂ ಹಿಂದಿನದಕ್ಕೆ ಎರಡು ಬೆರಳು ಒತ್ತರಿಸಲಿ. ಈ ಸುತ್ತಿನಲ್ಲಿ ಮೀಟಬೇಡಿ, ಬರೀ ಕತ್ತರಿಸಿ. ಮುಗಿದ ಮೇಲೆ ಅದರ ಹೊರಗೆ 30 ಸೆಂ.ಮೀ. ಅಗಲದ ಕಾಲುವೆ ತೋಡಿ. ಈ ಮಣ್ಣೆತ್ತುವ ಕೆಲಸಕ್ಕೆ ಕಿರಿದಾದ ಅಲಗು ನಿಧಾನ, ಸಾಮಾನ್ಯ ಅಗಲ ಸಲಿಕೆಯೇ ವಾಸಿ. ಬೇಕಾದ ಆಳ ಸಿಕ್ಕ ಮೇಲೆ ಮತ್ತೆ ಉದ್ದ ಅಲಗನ್ನು ಹಿಡಿದು 45 ಡಿಗ್ರಿ ಓರೆಯಲ್ಲಿ ಅಡಿಯನ್ನು ಕತ್ತರಿಸಿ. 40 ಸೆಂ.ಮೀ. ಉದ್ದದ ಬೆಲೆ ತಿಳಿಯುವುದು ಇಲ್ಲಿ. ಗಿಡ್ಡ ಅಲಗು ಹೆಂಟೆಯ ನಡುವಿಗೆ ಮುಟ್ಟುವುದೇ ಇಲ್ಲ, ತಾಯಿಬೇರು ಉಳಿದುಬಿಡುತ್ತದೆ, ಅದು ತಿಳಿಯದೆ ಕಾಂಡ ಹಿಡಿದು ಜಗ್ಗಿದವರ ಕೈಗೆ ಮಣ್ಣಿಲ್ಲದ ಗಿಡ ಬರುತ್ತದೆ.

ಹೆಬ್ಬೆರಳಿಗಿಂತ ದಪ್ಪದ ಬೇರು ಎದುರಾದರೆ ಸಲಿಕೆಯಿಂದ ಕುಟ್ಟಬೇಡಿ. ಪ್ರತಿ ಪೆಟ್ಟಿಗೂ ಹೆಂಟೆ ನಡುಗಿ ಒಳಗಿನ ಸಣ್ಣ ಬೇರುಗಳು ಮಣ್ಣಿನ ಹಿಡಿತ ಕಳೆದುಕೊಳ್ಳುತ್ತವೆ. ಮಡಿಚುವ ಗರಗಸ ಜೊತೆಗಿರಲಿ. ಹೆಂಟೆಯನ್ನು ಮೀಟಿ ಎತ್ತುವ ಕೆಲಸವೂ ಸಲಿಕೆಯದ್ದಲ್ಲ. ಈ ಸಲಿಕೆಗಳ ಹಿಡಿ ಮುರಿಯುವುದು ಹೆಚ್ಚಾಗಿ ಹೀಗೆಯೇ, ಕೊಳವೆಯ ಬಾಯಿಯಲ್ಲಿ. ಮೀಟಲು ಹಾರೆ ಇದೆ. ಕಲ್ಲು ತುಂಬಿದ ನೆಲದಲ್ಲೂ ಮೊದಲು ಹಾರೆ ಹಾಕಿ ದಾರಿ ಮಾಡಿಕೊಳ್ಳಬೇಕು, ಅಂಥ ನೆಲವೇ ನಿಮ್ಮದಾದರೆ ಈ ಸಲಿಕೆ ಕೊಳ್ಳುವ ಮುಂಚೆ ಎರಡು ಬಾರಿ ಯೋಚಿಸಿ. ಮರಳು ನೆಲದಲ್ಲಂತೂ ಹೆಂಟೆಯೇ ನಿಲ್ಲುವುದಿಲ್ಲ.

ಇದೇ ಸಲಿಕೆಗೆ ಇನ್ನೊಂದು ಉಪಯೋಗವಿದೆ, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಎತ್ತುವ ಆರು ತಿಂಗಳು ಮೊದಲೇ, ಹೆಂಟೆಯ ಗಡಿಗಿಂತ ಒಂದು ಅಂಗೈ ಒಳಗೆ, ಸುತ್ತಲೂ ಅಲಗನ್ನು ಪೂರ್ತಿ ಇಳಿಸಿ ಬೇರು ಕತ್ತರಿಸಿಡುವುದು. ಒಮ್ಮೆಗೇ ಪೂರ್ತಿ ಸುತ್ತು ಬೇಡವೆಂದರೆ ಇಂದು ಅರ್ಧ, ಕೆಲವು ವಾರ ಬಿಟ್ಟು ಉಳಿದರ್ಧ. ಕತ್ತರಿಸಿದ ತುದಿಗಳಲ್ಲಿ ನಾರುಬೇರು ಪೊದೆಯಾಗಿ ಮೂಡುತ್ತದೆ. ಎತ್ತುವಾಗ 10 ಸೆಂ.ಮೀ. ಹೊರಗಿನಿಂದ ಅಗೆದರೆ ಆ ಹೊಸ ಬೇರೆಲ್ಲ ಹೆಂಟೆಯ ಜೊತೆಗೇ ಬರುತ್ತದೆ. ಹಳೆಯ ಗಿಡಗಳಲ್ಲಿ ನೀರು ಹೀರುವ ಬೇರು ಬುಡದಿಂದ ದೂರ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತದೆ. ಮುಂಚೆ ಕತ್ತರಿಸದೆ ಎತ್ತಿದರೆ ಹೆಂಟೆಯೊಳಗೆ ಬರುವುದು ಹೆಚ್ಚಾಗಿ ದಪ್ಪ ಬೇರು ಮಾತ್ರ.

ಪಾಮ್ ಜಾತಿಗೆ ಈ ಅಳತೆಗಳು ಹೊಂದುವುದಿಲ್ಲ. ಅವುಗಳ ಕಾಂಡ ದಪ್ಪವಿದ್ದರೂ ಬೇರೆಲ್ಲ ಒಂದೇ ಗಾತ್ರದ ಹಗ್ಗದಂಥವು. ಚಿಕ್ಕ ಪಾಮ್‌ಗೆ ಕಾಂಡದಿಂದ ಒಂದು ಅಡಿ ದೂರದ ಹೆಂಟೆ ಸಾಕಾಗುತ್ತದೆ.

ಗೋಣಿಯ ವಿಚಾರಕ್ಕೆ ಬಂದರೆ, ಯಾವ ಲೇಪವೂ ಇಲ್ಲದ ಸೆಣಬಿನ ಬಟ್ಟೆಯನ್ನೇ ಆರಿಸಿ. ಅರ್ಧ ಸುತ್ತಿ ಸುರುಳಿ ಮಾಡಿ, ಹೆಂಟೆಯನ್ನು ಒಂದು ಕಡೆ ವಾಲಿಸಿ ಅಡಿಗೆ ತೂರಿಸಿ, ಇನ್ನೊಂದು ಕಡೆ ವಾಲಿಸಿ ಸುರುಳಿ ಎಳೆದುಕೊಳ್ಳಿ. ನಾಲ್ಕು ಮೂಲೆ ಗಂಟು ಹಾಕಿದರೆ ಹೊರುವ ಜೋಳಿಗೆ ಸಿದ್ಧ. ಎತ್ತುವುದು ಗೋಣಿ ಹಿಡಿದು, ಕಾಂಡ ಹಿಡಿದು ಅಲ್ಲ. ಸೆಣಬಿನಂತೆಯೇ ಕಾಣುವ ಪ್ಲಾಸ್ಟಿಕ್ ಎಳೆಯ ಬಟ್ಟೆಯೂ ಮಾರಾಟಕ್ಕಿದೆ. ಗುರುತು ಹಿಡಿಯಲು ಒಂದು ಎಳೆ ಕಿತ್ತು ಬೆಂಕಿ ತೋರಿಸಿ: ಸೆಣಬು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ಮುದ್ದೆಯಾಗುತ್ತದೆ. ಅದು ಮಣ್ಣಲ್ಲಿ ಕೊಳೆಯುವುದಿಲ್ಲ, ಬೇರನ್ನು ವರ್ಷಗಟ್ಟಲೆ ಬಿಗಿದಿಡುತ್ತದೆ. ಸೆಣಬಾದರೂ ಗುಂಡಿಗೆ ಇಳಿಸಿದ ಮೇಲೆ ಬಿಚ್ಚಿ, ಸಿಕ್ಕಷ್ಟೂ ಕತ್ತರಿಸಿ ತೆಗೆಯಿರಿ. ನೆಲದ ಮೇಲೆ ಚಾಚಿಕೊಂಡ ಗೋಣಿಯ ಅಂಚು ಬತ್ತಿಯಂತೆ ಹೆಂಟೆಯ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ.

ಬಾಟಲಿಗಳಲ್ಲಿ ಹೆಚ್ಚು ಮಾರಾಟವಾಗುವುದು ವಿಟಮಿನ್ ಬಿ1 ದ್ರಾವಣ. ಎತ್ತಿ ನೆಟ್ಟಾಗ ಬೇರಿಗಾಗುವ ಆಘಾತವನ್ನು ತಡೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಗಿಡ ತನಗೆ ಬೇಕಾದ ಬಿ1 ಅನ್ನು ಎಲೆಯಲ್ಲೇ ತಯಾರಿಸಿಕೊಳ್ಳುತ್ತದೆ, ಬೇರಿಗೆ ಹೊಯ್ದ ಬಿ1ರಿಂದ ನೆಟ್ಟ ಗಿಡ ಚೇತರಿಸಿಕೊಂಡಿದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಎಲೆಗೆ ಸಿಂಪಡಿಸುವ ಮೇಣದಂಥ ಲೇಪವೂ ಬೇಡ. ಅದು ನೀರು ಆವಿಯಾಗುವುದನ್ನು ತಡೆಯುವಾಗ ಎಲೆ ಉಸಿರಾಡುವ ರಂಧ್ರವನ್ನೂ ಮುಚ್ಚುತ್ತದೆ, ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಎರಡು ವಾರದ ನೆರಳುಬಲೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎತ್ತಿದ ಗಿಡದ ಕೊಂಬೆ ಅರ್ಧಕ್ಕೆ ಕತ್ತರಿಸುವ ರೂಢಿಯೂ ಒಳ್ಳೆಯದಲ್ಲ. ಬೇರಿಗೆ ಚಿಗುರಲು ಸೂಚನೆ ಹೋಗುವುದು ಕೊಂಬೆ ತುದಿಯ ಮೊಗ್ಗುಗಳಿಂದ. ಮುರಿದದ್ದು, ಒಣಗಿದ್ದು ತೆಗೆದರೆ ಸಾಕು.

ಗುಂಡಿಯನ್ನು ಗಿಡ ಎತ್ತುವ ಮೊದಲೇ ತೆಗೆದಿಟ್ಟಿರಬೇಕು. ಅಗಲ ಹೆಂಟೆಯ ಎರಡರಿಂದ ಮೂರು ಪಟ್ಟು, ಆಳ ಹೆಂಟೆಯಷ್ಟೇ. ಆಳ ಹೆಚ್ಚಾಗಿ ತೆಗೆದು ಸಡಿಲ ಮಣ್ಣು ತುಂಬಿದರೆ ಗಿಡ ಕುಸಿದು ಬುಡ ಹೂತುಹೋಗುತ್ತದೆ, ತೊಗಟೆ ಕೊಳೆಯಲು ಇದೇ ದಾರಿ. ಹರಿತವಾದ ಸಲಿಕೆ ಜೇಡಿಮಣ್ಣಿನ ಗುಂಡಿಯ ಗೋಡೆಯನ್ನು ಗಡಿಗೆಯ ಒಳಮೈಯಂತೆ ನುಣುಪು ಮಾಡಿಬಿಡುತ್ತದೆ, ಈ ಸಲಿಕೆಯ ಒಂದು ದೋಷ ಇದು. ಬೇರು ಆ ಗೋಡೆ ತೂರಲಾರದೆ ಗುಂಡಿಯೊಳಗೇ ಸುತ್ತುತ್ತದೆ. ಮುಳ್ಳುಸಲಿಕೆಯಿಂದ ಗೋಡೆಯನ್ನು ಕೆರೆದು ಒರಟು ಮಾಡಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಗೊಬ್ಬರ ಬೆರೆಸಬೇಡಿ. ಕಾಂಡ ಅಗಲವಾಗಿ ಬೇರುಗಳಿಗೆ ತಿರುಗುವ ಬುಡದ ಉಬ್ಬು ನೆಲದ ಮಟ್ಟಕ್ಕೆ ಅಥವಾ ಎರಡು ಬೆರಳು ಮೇಲೆ ಕಾಣುತ್ತಿರಲಿ.

ನೀರಿನ ಲೆಕ್ಕ: ಕಾಂಡದ ಪ್ರತಿ 2.5 ಸೆಂ.ಮೀ. ದಪ್ಪಕ್ಕೆ ಒಂದು ಸಲಕ್ಕೆ 4ರಿಂದ 6 ಲೀಟರ್. ಮೊದಲ ಎರಡು ವಾರ ದಿನವೂ, ಮೂರು ತಿಂಗಳವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ಬೇರೂರುವವರೆಗೆ ವಾರಕ್ಕೊಮ್ಮೆ, ಮಳೆ ಬಂದರೆ ಅದಕ್ಕೆ ತಕ್ಕಂತೆ ಕಡಿಮೆ. ನೀರು ಬೀಳಬೇಕಾದ್ದು ಹೆಂಟೆಯ ಮೇಲೆಯೇ. ಸುತ್ತಲಿನ ಮಣ್ಣು ಒದ್ದೆಯಿದ್ದರೂ ಹೆಂಟೆಯ ಒಳಗೆ ಒಣಗಿರಬಹುದು, ಮೊದಲ ವಾರಗಳಲ್ಲಿ ಗಿಡ ಕುಡಿಯುವುದೆಲ್ಲ ಅಲ್ಲಿಂದಲೇ. ಎಲೆ ಬಾಡಿದ್ದು ಕಂಡ ಕೂಡಲೇ ನೀರು ಸುರಿಯದೆ, ಹೆಂಟೆಗೆ ಒಂದು ಗೇಣು ಆಳಕ್ಕೆ ತೆಳ್ಳನೆಯ ಕಡ್ಡಿ ಚುಚ್ಚಿ ತೆಗೆದು ನೋಡಿ. ಕಡ್ಡಿಗೆ ಕೆಸರು ಮೆತ್ತಿ ಹುಳಿ ವಾಸನೆ ಬಂದರೆ ನೀರು ಹೆಚ್ಚಾಗಿ ಬೇರು ಉಸಿರುಕಟ್ಟಿದೆ, ಎರಡು ಮೂರು ದಿನ ಬಿಡಿ. ಒಣಗಿ ಬಂದರೆ ಆಗಲೇ ಕೊಡ ಎತ್ತಿಕೊಳ್ಳಿ.