ಮಾರ್ಕೆಟ್ಟಿನ ಬಳೆ ಅಂಗಡಿ: ಒಂದು ಡಜನ್ ಹಸಿರು, ಸೈಜು 1-14

ಈ ಅಂಗಡಿಗೆ ಹೆಸರಿನ ಬೋರ್ಡ್ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಚಿಕ್ಕ ಗಡಿಯಾರದ ಕಡೆಯಿಂದ ಹೋಗಿ, ಕುಂಕುಮದ ಗುಡ್ಡೆಗಳನ್ನು ದಾಟಿ. ಕನ್ನಡಕಕ್ಕೆ ದಾರ ಕಟ್ಟಿಕೊಂಡ ತಾತ ಒಬ್ಬರು ಕೂತಿರುತ್ತಾರೆ. ಅದೇ ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ.

ನಾವು ಅಲ್ಲಿಗೆ ಹೋಗುವ ಹಾಗಾಗಿದ್ದು ನನ್ನ ಬಾಯಿಂದ. ಫೋನಿನಲ್ಲಿ ಯಾರ ಮೇಲೋ ರೇಗಿ "ನಾನೇನ್ ಕೈಗೆ ಬಳೆ ತೊಟ್ಕೊಂಡು ಕೂತಿಲ್ಲ" ಅಂದೆ. ಪಕ್ಕದಲ್ಲಿ ಆರು ವರ್ಷದ ಮಗ ಇಡ್ಲಿ ತಿನ್ನುತ್ತಿದ್ದ.

"ಬಳೆ ತೊಟ್ಕೊಂಡ್ರೆ ಏನಾಗತ್ತೆ ಅಪ್ಪಾ?"

"ಏನೂ ಆಗಲ್ಲ."

"ಅಮ್ಮ ತೊಟ್ಕೊಂಡಿದಾಳಲ್ಲ. ಅವಳು ಕೂತ್ಕೊಳೋದೇ ಇಲ್ವಲ್ಲ?"

ಅಡುಗೆಮನೆಯಿಂದ ಒಂದು ತಲೆ ಇಣುಕಿತು. ನಾನು ಪೇಪರ್ ಎತ್ತಿಕೊಂಡೆ. ಅವತ್ತಿನಿಂದ ಶುರು, ನನಗೂ ಬಳೆ ಬೇಕು ಅಂತ.

ಮೊದಲು ಒಂದು ದೊಡ್ಡ ಎ.ಸಿ. ಅಂಗಡಿಗೆ ಕರೆದುಕೊಂಡು ಹೋದೆ. "ಇದು ಗರ್ಲ್ಸ್ ಸೆಕ್ಷನ್ ಸರ್, ಬಾಯ್ಸ್‌ಗೆ ಅಲ್ಲಿ ವಾಚ್ ಇದೆ" ಅಂದಳು ಹುಡುಗಿ. ಜೋರಾಗಿ ಏನೂ ಹೇಳಲಿಲ್ಲ, ಪಾಪ. ಆದರೆ ಮಗ ಎರಡೂ ಕೈ ಜೇಬಿಗೆ ಹಾಕಿಕೊಂಡವನು ಮನೆ ತಲುಪುವವರೆಗೂ ತೆಗೆಯಲಿಲ್ಲ.

ಮಾರ್ಕೆಟ್ಟಿನ ತಾತ ಕೇಳಿದ್ದು ಒಂದೇ ಮಾತು: "ಯಾರಿಗೆ?"

"ನನಗೆ."

"ಕೈ ಕೊಡು ಮರಿ."

ಅಳತೆ ಕಣ್ಣಲ್ಲೇ ಆಯಿತು. 1-14 ಅಂದರು. ಒಂದು ಇಂಚು, ಮೇಲೆ ಹದಿನಾರರಲ್ಲಿ ಹದಿನಾಲ್ಕು ಪಾಲು. ಹೆಬ್ಬೆರಳನ್ನು ಅಂಗೈ ಒಳಗೆ ಮಡಿಸಿ, ಬೆರಳುಗಳ ಬುಡವನ್ನು ಹಿಟ್ಟು ನಾದಿದ ಹಾಗೆ ಮೆತ್ತಗೆ ಒತ್ತಿ, "ಉಸಿರು ಬಿಡು" ಅಂದರು. ಅವನು ಉಫ್ ಅನ್ನುವುದರೊಳಗೆ ಬಳೆ ಮಣಿಕಟ್ಟಿನಲ್ಲಿತ್ತು. ಕೈಗೆ ಆರಾರು. ಒಂದೂ ಚಟ್ ಅನ್ನಲಿಲ್ಲ. ಈ ಕೈಚಳಕ ನೋಡುವುದಕ್ಕಾದರೂ ಒಮ್ಮೆ ಹೋಗಿ.

ಮಗ ಕೈ ಅಲ್ಲಾಡಿಸಿ ಸದ್ದು ಕೇಳಿಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ತಾತಾ, ಹುಡುಗರು ತೊಟ್ಕೋಬಹುದಾ?"

ತಾತ ಬಳೆ ಮಲಾರವನ್ನು ಮೊಣಕೈವರೆಗೂ ಏರಿಸಿಕೊಂಡು ತೋರಿಸಿದರು. "ನಲವತ್ತು ವರ್ಷದಿಂದ ನನ್ನ ಕೈ ತುಂಬಾ ಇದೇ. ನನಗೇನಾಗಿದೆ ನೋಡು. ನಿಮ್ಮಪ್ಪನೂ ಕೂಸಾಗಿದ್ದಾಗ ಕಪ್ಪು ಬಳೆ ಹಾಕ್ಕೊಂಡೇ ಇದ್ದಿರ್ತಾರೆ, ಕೇಳು."

ಹೌದಲ್ವಾ! ಎಲ್ಲ ಕೂಸಿನ ಕೈಯಲ್ಲೂ ಇರುತ್ತಿತ್ತು. ನನಗೆ ಮರೆತೇ ಹೋಗಿತ್ತು.

ಮನೆಗೆ ಬಂದು ಹಳೇ ಆಲ್ಬಮ್ ತೆಗೆದೆ. ನಮ್ಮಪ್ಪನ ಸ್ಟುಡಿಯೋ ಫೋಟೋ ಒಂದಿದೆ. ಜವಳಕ್ಕೆ ಮುಂಚಿನದು. ಲಂಗ, ಮೊಗ್ಗಿನ ಜಡೆ, ಬಳೆ, ಹಣೆಗೆ ಬೊಟ್ಟು. ಕೂದಲು ಹೇಗೂ ತೆಗೆಸುತ್ತೇವೆ, ಅದಕ್ಕೆ ಮೊದಲು ಒಂದು ಸಲ ಜಡೆ ಹಾಕಿ ನೋಡೋಣ ಅಂತ ಎಷ್ಟು ಮನೆಗಳಲ್ಲಿ ಹೀಗೆ ಮಾಡಿಲ್ಲ? ಮಗ ಫೋಟೋ ನೋಡಿದ, ಬಿಳಿ ಮೀಸೆಯ ತಾತನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಅಪ್ಪ ಕಿವಿ ತೋರಿಸಿದರು. ಒಂದು ಕಾಲದಲ್ಲಿ ಒಂಟಿ ಹಾಕುತ್ತಿದ್ದರಂತೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಜೊತೆಯವರು ನಕ್ಕರು, ತೆಗೆದಿಟ್ಟರು. ತೂತು ಈಗಲೂ ಇದೆ. ಮಗ ಅದರ ಮೇಲೆ ಬೆರಳಿಟ್ಟು ನೋಡಿದ.

"ಯಾಕೆ ನಕ್ಕರು?"

"ಆಗ ಅದು ಹಳೇ ಕಾಲದ್ದು ಅಂತಾಗಿತ್ತು."

"ಈಗ ನಮ್ಮ ವ್ಯಾನ್ ಅಂಕಲ್ ಹಾಕ್ಕೋತಾರಲ್ಲ?"

ಅಪ್ಪನ ಹತ್ತಿರವೂ ಉತ್ತರ ಇರಲಿಲ್ಲ. ಅಮ್ಮ ಮಾತ್ರ ಬಿಡಲಿಲ್ಲ. ಅರ್ಜುನನೇ ಬೃಹನ್ನಳೆಯಾಗಿ ಬಳೆ ತೊಟ್ಟು ಉತ್ತರೆಗೆ ನಾಟ್ಯ ಹೇಳಿಕೊಟ್ಟ, ಆಮೇಲೆ ಅದೇ ಕೈಯಲ್ಲಿ ಗಾಂಡೀವ ಹಿಡಿದು ಕೌರವರನ್ನು ಓಡಿಸಿದ ಅಂತ ಶುರುಮಾಡಿದರು. ಊಟ ತಡವಾಯಿತು.

ಇನ್ನು ದೂರುಗಳು. ಡಜನ್ನಿಗೆ 60 ರೂಪಾಯಿ, ಚೌಕಾಸಿ ನಡೆಯಲ್ಲ. ಚಿನ್ನದ ಗೆರೆ ಎರಡು ಸ್ನಾನಕ್ಕೆ ಮಾಸಿತು. ಆರು ವರ್ಷದ ಹುಡುಗನಿಗೆ ಗಾಜು ಬೇಡ ಅಂತ ತಾತ ಹೇಳಬೇಕಿತ್ತು, ಅಥವಾ ನನಗೇ ಬುದ್ಧಿ ಇರಬೇಕಿತ್ತು. ಮೂರನೇ ದಿನ ಕ್ರಿಕೆಟ್ ಆಡುವಾಗ ಎರಡು ಹೋದವು. "ಒಡೀತು ಅನ್ಬೇಡ, ಹೆಚ್ಚಿತು ಅನ್ನು" ಅಂತ ಅಮ್ಮ. ಮಕ್ಕಳಿಗಾದರೆ ಲೋಹದ್ದೇ ಕೇಳಿ. ಗಾಡಿ ತರಬೇಡಿ, ಸಯ್ಯಾಜಿರಾವ್ ರಸ್ತೆಯಲ್ಲಿ ನಿಲ್ಲಿಸಲು ಪರದಾಡಬೇಕು. ಸಿಟಿ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗಿ.

ಸೋಮವಾರ ಸ್ಕೂಲಿಗೂ ಹಾಕಿಕೊಂಡು ಹೋಗ್ತೀನಿ ಅಂದಾಗ ನನಗೇ ಪುಕಪುಕ. "ಕೆಲವರು ನಗಬಹುದು, ಅವರಿಗೆ ನೋಡಿ ಅಭ್ಯಾಸ ಇಲ್ಲ. ತೆಗೀಬೇಕು ಅನ್ಸಿದ್ರೆ ತೆಗಿ, ಇಲ್ಲಾಂದ್ರೆ ಇರಲಿ" ಅಂದೆ. ಅವನು ಒಂದು ಕೈಯದ್ದು ತೆಗೆದಿಟ್ಟು, ಇನ್ನೊಂದು ಕೈಯದ್ದು ಹಾಗೇ ಬಿಟ್ಟುಕೊಂಡು ಹೋದ. ಸಂಜೆ ವರದಿ: "ಇಬ್ರು ನಕ್ಕರು. ಒಬ್ಬಳು ಎಷ್ಟು ಅಂತ ಕೇಳಿದ್ಲು. ಅರವತ್ತು ಅಂದೆ. ಜಾಸ್ತಿ ಆಯ್ತು ಅಂದ್ಲು."

ಐದಕ್ಕೆ ನಾಲ್ಕು ಚುಕ್ಕಿ. ಮುಂದಿನ ಸಲ ನಾನೂ ತೊಡಿಸಿಕೊಳ್ಳಬೇಕಂತೆ. ತಾತ ಅವತ್ತೇ ನನ್ನ ಕೈ ನೋಡಿ ಹೇಳಿದ್ದರು: 2-10.