ಲಾಡ್ಜಿನ ಹೂಟರ್ ವೈರಿಂಗ್ ಮಾಡಿಸಿದ್ದು: ಐದಕ್ಕೆ ನಾಲ್ಕು ಸ್ಟಾರ್

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಲಾಡ್ಜ್ ಇದೆ. ಕೆಳಗೆ ರಿಸೆಪ್ಶನ್, ಮೇಲೆ ಮೂರು ಮಹಡಿ, 22 ರೂಮು. ಮೂರನೇ ಮಹಡಿಯ ಕೊನೆಯಲ್ಲಿ ನಮ್ಮದೇ ಮನೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವವರಿಂದ ರೂಮೆಲ್ಲ ಫುಲ್. ಹಾಗಾಗಿ ಫೈರ್ ಅಲಾರಂ ಪರೀಕ್ಷೆ ಮಾಡುವುದು ಬುಧವಾರ ಬೆಳಿಗ್ಗೆ, ಜನ ಕಡಿಮೆ ಇರುವಾಗ.

ಒಂದು ಬುಧವಾರ ರಿಸೆಪ್ಶನ್ ಪಕ್ಕದ ಕೆಂಪು ಡಬ್ಬಿ ಒತ್ತಿದೆ. ಕೆಳಗೆ ಕಿವಿ ಹರಿಯುವ ಹಾಗೆ ಕೂಗಿತು. ಮೇಲೆ ಹೋದರೆ ಮಾವ ಆರಾಮಾಗಿ ಪೇಪರ್ ಓದುತ್ತಾ ಕೂತಿದ್ದರು. ಕಿವಿಯ ಮೆಷಿನ್ ತೆಗೆದಿಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ಅಲಾರಂ ಬಂದಾಗ ಕೂಗಬೇಕಾದ ನಮ್ಮ ಮಹಡಿಯ ಮೂರು ಹೂಟರೂ ಸುಮ್ಮನಿದ್ದವು. ಅದರ ಲೈಟೂ ಮಿಂಚುತ್ತಿರಲಿಲ್ಲ. ಕೆಳಗೆ ಬಂದು ಅಲಾರಮ್ಮನ್ನೆಲ್ಲ ನಡೆಸುವ ಪ್ಯಾನೆಲ್ ನೋಡಿದರೆ ಎಲ್ಲಾ ಸರಿ ಇದೆ ಅನ್ನುವ ಹಸಿರು ದೀಪ! ದಸರಾಕ್ಕೆ ಮುಂಚೆ ಸುಣ್ಣ ಬಣ್ಣ ಮಾಡಿಸಿದ್ದೆವು. ಪೇಂಟರ್ ಯಾವಾಗಲೋ ವಯರ್ ಕತ್ತರಿಸಿಬಿಟ್ಟಿದ್ದ. ಎಷ್ಟು ದಿನ ಹಾಗೇ ಇತ್ತೋ, ದೇವರಿಗೇ ಗೊತ್ತು.

ಮೊದಲು ಫಿಟ್ ಮಾಡಿದವರಿಗೆ ಫೋನ್ ಮಾಡಿದೆ. ‘ಹೊಸ ಹೂಟರ್ ಹಾಕಿಸ್ಕೊಳಿ ಮೇಡಂ’ ಅಂದರು. ಅವರ ಹೆಸರು ಇಲ್ಲಿ ಬೇಡ. ನೆಂಟರೊಬ್ಬರು ಹಾಸನದ ಒಬ್ಬ ಹುಡುಗನ ನಂಬರ್ ಕೊಟ್ಟರು. ಸ್ವಂತವಾಗಿ ಕೆಲಸ ಮಾಡುತ್ತಾನೆ, ಜೊತೆಗೆ ಒಬ್ಬ ಸಹಾಯಕ. ಸೋಮವಾರ ಬರ್ತೀನಿ ಅಂದವನು ಬುಧವಾರ ಬಂದ. ಬೇಲೂರಲ್ಲಿ ಬಸ್ ತಪ್ಪಿತಂತೆ. ಎರಡು ದಿನ ತಪ್ಪುವಂಥ ಬಸ್ ಯಾವುದು ಅಂತ ನಾನು ಕೇಳಲಿಲ್ಲ.

ಬಂದವನು ಹೂಟರ್ ಕಡೆ ನೋಡಲೇ ಇಲ್ಲ. ಸೀದಾ ಪ್ಯಾನೆಲ್ ಬಾಗಿಲು ತೆಗೆದು, ಟಾರ್ಚ್ ಬಿಟ್ಟು, ‘ಅಕ್ಕಾ, ಇಲ್ನೋಡಿ’ ಅಂದ. ಹೂಟರ್ ವಯರ್ ಹೊರಡುವ ಜಾಗದಲ್ಲೇ, ಅದೇ ಸ್ಕ್ರೂ ಕೆಳಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಸಾಮಾನು. ಕಂದು, ಕಪ್ಪು, ಕಿತ್ತಳೆ ಪಟ್ಟಿ. ಅಂದರೆ 10 ಕಿಲೋ ಓಮ್. ‘ಇದು ಇರ್ಬೇಕಾದ್ದು ಮೇಲಿನ ಕೊನೇ ಹೂಟರಲ್ಲಿ. ಇಲ್ಲಿಟ್ರೆ ಪ್ಯಾನೆಲ್ ತನ್ನ ಬಾಲ ತಾನೇ ನೋಡ್ಕೊಂಡು ಎಲ್ಲಾ ಸರಿಯಿದೆ ಅನ್ನುತ್ತೆ ಅಷ್ಟೆ.’

ಅವನು ಬಿಡಿಸಿ ಹೇಳಿದ್ದು ಹೀಗೆ. ಮಾಮೂಲಿ ಹೊತ್ತಿನಲ್ಲಿ ಪ್ಯಾನೆಲ್ ಆ ಲೈನಿಗೆ ಪ್ಲಸ್ ಮೈನಸ್ ಉಲ್ಟಾ ಮಾಡಿ ಚೂರೇ ಚೂರು ಕರೆಂಟ್ ಬಿಡುತ್ತದೆ. ಹೂಟರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುವುದರಿಂದ ಅದು ಹೂಟರಿಗೆ ಹೋಗುವುದಿಲ್ಲ. ಲೈನಿನ ತುದಿಯ ರೆಸಿಸ್ಟರ್ ದಾಟಿ ವಾಪಸ್ ಬರುತ್ತದೆ. ವಾಪಸ್ ಬಂದರೆ ವಯರ್ ಪೂರ್ತಿ ಸರಿಯಿದೆ ಅಂತ ಅರ್ಥ, ಬರದಿದ್ದರೆ ಎಲ್ಲೋ ತುಂಡಾಗಿದೆ. ಬೆಂಕಿ ಅಲಾರಂ ಬಂದಾಗ ಪ್ಲಸ್ ಮೈನಸ್ ಸೀದಾ ಆಗಿ 24 ವೋಲ್ಟ್ ಹೋಗುತ್ತದೆ, ಹೂಟರ್ ಕೂಗುತ್ತದೆ. ಅದಕ್ಕೇ ಒಂದು ಹೂಟರಿಗೆ ಪ್ಲಸ್ ಮೈನಸ್ ಅದಲು ಬದಲು ಹಾಕಿದರೆ, ಬೇಕಾದಾಗ ಅದು ಬಾಯಿ ಬಿಡುವುದಿಲ್ಲ.

ಎರಡನೇ ತಪ್ಪು ವಯರನ್ನು ಕೊಂಬೆ ಕೊಂಬೆಯಾಗಿ ಕವಲೊಡೆಸಿದ್ದು. ಎರಡನೇ ಮಹಡಿಯ ಜಂಕ್ಷನ್ ಬಾಕ್ಸಿನಿಂದ ಮೂರು ಕಡೆಗೆ ವಯರ್ ಎಳೆದಿದ್ದರು. ಮೆಣಸಿನ ಬಳ್ಳಿ ಥರ ಒಂದೇ ಎಳೆ ಹೋಗಬೇಕಂತೆ, ಒಂದು ಹೂಟರಿಗೆ ಬಂದು ಅಲ್ಲಿಂದ ಮುಂದಿನದಕ್ಕೆ. ಹೀಗೆ ಕವಲೊಡೆದರೆ ರೆಸಿಸ್ಟರ್ ತುದಿಯಲ್ಲಿದ್ದರೂ ಆ ಕೊಂಬೆ ತುಂಡಾದದ್ದು ಪ್ಯಾನೆಲ್ಲಿಗೆ ತಿಳಿಯುವುದಿಲ್ಲ. ಇನ್ನೊಂದು ಸಣ್ಣ ವಿಷಯ ನನಗೆ ಬಹಳ ಹಿಡಿಸಿತು. ವಯರಿನ ಸಿಪ್ಪೆ ಮಧ್ಯದಲ್ಲಿ ಸುಲಿದು, ಕತ್ತರಿಸದೆ, ಹಾಗೇ ಸ್ಕ್ರೂಗೆ ಸುತ್ತಿಬಿಡುತ್ತಾರಲ್ಲ, ಅದನ್ನು ಅವನು ಎಲ್ಲಾ ಕಡೆ ಕತ್ತರಿಸಿದ. ಬರುವ ತುದಿ ಒಂದು ಕ್ಲಾಂಪಿಗೆ, ಹೋಗುವ ತುದಿ ಇನ್ನೊಂದಕ್ಕೆ. ಈಗ ಸ್ಕ್ರೂ ಸಡಿಲಾಗಿ ಒಂದು ತುದಿ ಈಚೆ ಬಂದರೂ ಲೈನ್ ತುಂಡಾಗುತ್ತದೆ, ಪ್ಯಾನೆಲ್ ಕೂಗಿ ಹೇಳುತ್ತದೆ. ಸುತ್ತಿಟ್ಟಿದ್ದರೆ ಹೂಟರ್ ಬಿಟ್ಟುಹೋದರೂ ಲೈನ್ ಸರಿಯಿದೆ ಅಂತಲೇ ತೋರಿಸುತ್ತಿತ್ತು.

ಮೂರನೆಯದು ವಯರಿನ ದಪ್ಪ. ನಮ್ಮಲ್ಲಿ ಒಟ್ಟು 14 ಹೂಟರ್, ಎಲ್ಲಕ್ಕೂ ಮಿಂಚುವ ಸ್ಟ್ರೋಬ್ ಲೈಟ್ ಸೇರಿಯೇ ಇದೆ. ಒಂದೊಂದಕ್ಕೆ ಸುಮಾರು 0.1 ಆಂಪ್, ಒಟ್ಟು 1.4. ಹಳೆಯದು ಕಾಲಿಂಗ್ ಬೆಲ್ಲಿಗೆ ಎಳೆಯುವಂಥ ತೆಳು ವಯರ್, ಎಲ್ಲವೂ ಒಂದೇ ಲೈನಿನಲ್ಲಿ. ಪ್ಯಾನೆಲ್ಲಿನಿಂದ ಕೊನೆಯವರೆಗೆ 60 ಮೀಟರ್, ಹೋಗಿ ಬರುವುದು ಸೇರಿ 120. ನನ್ನ ರಿಜಿಸ್ಟರಿನ ಹಿಂದಿನ ಪುಟದಲ್ಲೇ ಲೆಕ್ಕ ಹಾಕಿದ. ವಯರಿಗೇ ನಾಲ್ಕೂವರೆ ಓಮ್, ಎಲ್ಲಾ ಹೂಟರೂ ತುದಿಯಲ್ಲೇ ಇದೆ ಅಂದುಕೊಂಡರೆ 6 ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ಕರೆಂಟಿಲ್ಲದೆ ಬ್ಯಾಟರಿ ಇಳಿದು 20ರ ಹತ್ತಿರ ಬಂದಿದ್ದರೆ ತುದಿಗೆ ಉಳಿಯುವುದು 14. ಹೂಟರ್ ಹಿಂದೆ ನೋಡಿದರೆ 16ರಿಂದ 33 ವೋಲ್ಟ್ ಅಂತ ಅಚ್ಚಾಗಿದೆ. ವೋಲ್ಟೇಜ್ ಇಳಿದಷ್ಟೂ ಸ್ಟ್ರೋಬ್ ಜಾಸ್ತಿ ಕರೆಂಟ್ ಎಳೆಯುತ್ತದಂತೆ, ಅದು ಬೇರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ ಅಲ್ವಾ.

ಅವನು ಮಾಡಿದ ದಾರಿ ಇಷ್ಟು. ಮೆಟ್ಟಿಲ ಕೆಳಗೆ ಹೂಟರಿಗೆಂದೇ ಬೇರೆ ಪವರ್ ಸಪ್ಲೈ ಬಾಕ್ಸ್, ಕೆಂಪು ಬಣ್ಣದ ಕಬ್ಬಿಣದ್ದು. 230 ವೋಲ್ಟಿಗೆ ಅದಕ್ಕೇ ಒಂದು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು), ಬಾಕ್ಸಿಗೆ ಅರ್ತಿಂಗ್. ಒಳಗೆ 12 ವೋಲ್ಟಿನ 7 ಆಂಪ್ ಅವರ್ ಬ್ಯಾಟರಿ ಎರಡು, ಸಾಲಾಗಿ ಜೋಡಿಸಿ 24. ಔಟ್‌ಪುಟ್ ನಾಲ್ಕು, ಮಹಡಿಗೊಂದು. ವಯರೆಲ್ಲ ಹೊಸದು, 1.5 ಸ್ಕ್ವೇರ್ ಎಂಎಂ. ಈಗ ಮೇಲಿನ ಮಹಡಿಗೆ ದಾರಿಯಲ್ಲಿ ಹೋಗುವುದು ಅರ್ಧ ವೋಲ್ಟ್ ಆಸುಪಾಸು. ಹಳೇ ಪ್ಯಾನೆಲ್ಲಿನ ಹೂಟರ್ ಲೈನ್ ಈಗ ಹೂಟರಿಗೆ ಹೋಗುವುದಿಲ್ಲ, ಈ ಬಾಕ್ಸಿಗೆ ‘ಶುರು ಮಾಡು’ ಅಂತ ಹೇಳುತ್ತದೆ ಅಷ್ಟೆ. ಬಾಕ್ಸಿನಲ್ಲಿ ತೊಂದರೆ ಆದರೆ ಅದನ್ನು ಪ್ಯಾನೆಲ್ಲಿಗೆ ಮುಟ್ಟಿಸುವುದಕ್ಕೂ ಒಂದು ಜೋಡಿ ವಯರ್ ಎಳೆದ. ಮೆಟ್ಟಿಲ ಕೆಳಗೆ ತೊಂದರೆ ತೋರಿಸುವ ಹಳದಿ ದೀಪ ಉರಿದರೆ ನೋಡುವವರು ಯಾರು? ಈಗ ರಿಸೆಪ್ಶನ್ನಿನಲ್ಲಿ ಗೊತ್ತಾಗುತ್ತದೆ.

ಕೆಲಸ ಮುಗಿದ ಮೇಲೆ ಹೂಟರ್ ಕೂಗಿಸಿ ದುಡ್ಡು ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಮೂರನೇ ಮಹಡಿಗೆ ಹೋಗಿ ಸ್ಟೂಲ್ ಹತ್ತಿ, ಕೊನೇ ಹೂಟರಿನಿಂದ ಒಂದು ವಯರ್ ಬಿಚ್ಚಿದ. ಕೆಳಗೆ ಪ್ಯಾನೆಲ್ ಬಜರ್ ಹೊಡೆಯಿತು. ಸೇರಿಸಿದ, ನಿಂತಿತು. ಹೀಗೆ ನಾಲ್ಕು ಮಹಡಿಯಲ್ಲೂ. ಆಮೇಲೆ ಎಂಸಿಬಿ ಆಫ್ ಮಾಡಿ, ಬರೀ ಬ್ಯಾಟರಿಯಲ್ಲಿ ಕೂಗಿಸಿ, ತುದಿಯ ಹೂಟರಿಗೆ ಮೀಟರ್ ಹಿಡಿದು ನನಗೇ ಓದಲು ಹೇಳಿದ. ಮೂರು ಸಲ ಕೂಗಿ, ಒಂದೂವರೆ ಸೆಕೆಂಡ್ ಬಿಟ್ಟು, ಮತ್ತೆ ಮೂರು ಸಲ. ಮೆಟ್ಟಿಲ ತಿರುವಿನಲ್ಲಿ ನಿಂತರೆ ಎರಡು ಮಹಡಿಯ ಲೈಟೂ ಕಾಣುತ್ತದೆ. ಎರಡೂ ಒಟ್ಟಿಗೇ ಮಿಂಚಬೇಕು, ಹಿಂದೆ ಮುಂದೆ ಆದರೆ ಫಿಟ್ಸ್ ಇರುವವರಿಗೆ ತೊಂದರೆ ಅಂತ ಅದನ್ನೂ ಸರಿ ಮಾಡಿದ.

ಮಾವ ರೂಮಿನಿಂದ ಹೊರಗೆ ಬಂದರು. ಕಿವಿಯ ಮೆಷಿನ್ ಇರಲಿಲ್ಲ. ‘ಯಾರೇ ಅದು, ಫೋಟೋ ಹೊಡೀತಿರೋದು?’ ಅಂದರು. ನನಗೆ ಅಷ್ಟೇ ಬೇಕಾಗಿತ್ತು.

ಈಗ ಕೊರತೆ. ಬಾಕ್ಸಿನ ಬೀಗ ಆಟದ ಸಾಮಾನಿನಂತಿದೆ, ಹೇರ್‌ಪಿನ್ ಸಾಕು. ಬುಕ್‌ಲೆಟ್ ಪೂರ್ತಿ ಇಂಗ್ಲಿಷ್, ಅಕ್ಷರ ಸಾಸಿವೆಯಷ್ಟು. ಜುಲೈ ಮಳೆಯಲ್ಲಿ ಒಂದು ರಾತ್ರಿ ಹಳದಿ ದೀಪ ಬಂತು. ಟೆರೇಸ್ ಪಕ್ಕದ ವಯರ್ ಪೈಪಿನಲ್ಲಿ ನೀರು ಇಳಿದು ಅರ್ತ್ ಫಾಲ್ಟ್, ಅಂದರೆ ಲೈನಿನ ಕರೆಂಟ್ ಅರ್ತಿಗೆ ಸೋರುತ್ತಿತ್ತು. ಫೋನ್ ಮಾಡಿದ ಮರುದಿನವೇ ಬಂದು, ಆ ಪೈಪನ್ನು ಒಳಗಿನ ಗೋಡೆಗೆ ಬದಲಾಯಿಸಿದ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ಮಾತ್ರ ಎರಡು ಲೋಟ ಕುಡಿದ. ಬ್ಯಾಟರಿ ಮೇಲೆ ಮಾರ್ಕರಿನಲ್ಲಿ ಹಾಕಿದ ತಾರೀಖು ಬರೆದಿದ್ದಾನೆ, ಬಾಗಿಲ ಒಳಗೆ ಒಂದು ರೆಸಿಸ್ಟರ್ ಜಾಸ್ತಿ ಟೇಪ್ ಹಾಕಿ ಅಂಟಿಸಿದ್ದಾನೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಗೋಡೆಗೆ. ಎರಡನೇ ಮಹಡಿಯಲ್ಲಿ ಕೊರೆದ ಕಡೆ ಪುಟ್ಟಿ ಬಳಿದಿಲ್ಲ, 204ರ ಬಾಗಿಲ ಮೇಲೆ ಈಗಲೂ ಇಟ್ಟಿಗೆ ಕಾಣುತ್ತದೆ. ಬಂದು ಬಳಿದ ದಿನ ಐದು ಮಾಡುತ್ತೇನೆ ಅಂತ ಅವನಿಗೂ ಹೇಳಿದ್ದೇನೆ. ಸೋಮವಾರ ಬರ್ತೀನಿ ಅಂದಿದ್ದಾನೆ.