12 ಅಚ್ಚು, 7 ಕೆಲಸ, 8 ಅವಸ್ಥೆ: ನನ್ನ ಕತೆಗೆ ಒದಗಿದ್ದು ಯಾವುದು?

ಕತೆಗೆ ಪಾತ್ರ ಕಟ್ಟಲು ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಏಳು ಕೆಲಸಗಳ ಪಟ್ಟಿ ಕೊಟ್ಟ ಪ್ರಾಪ್‌ಗೆ. ದುಡ್ಡು ಕೊಟ್ಟು ತಂದ 12 ಆರ್ಕಿಟೈಪ್‌ಗಳ, ಅಂದರೆ ಸಿದ್ಧ ಅಚ್ಚಿನ ಸ್ವಭಾವಗಳ, ಕಾರ್ಡಿನ ಕಟ್ಟು ಈಗ ಮಕ್ಕಳ ಪಾಲಾಗಿದೆ. ಅವರು ಅದರಲ್ಲಿ ಮನೆ ಕಟ್ಟುತ್ತಾರೆ, ಬೀಳಿಸುತ್ತಾರೆ.

ನನ್ನ ಕತೆ ಇಷ್ಟೇ. ಅಣ್ಣ ಮನೆ ಬಿಟ್ಟು ಹೋಗಿದ್ದಾನೆ, ತಂಗಿ ಹುಡುಕುತ್ತಾ ಹೊರಡುತ್ತಾಳೆ. ದಾರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ ಸಿಗುತ್ತಾನೆ. ಅವನಿಗೆ ‘ಜ್ಞಾನಿ’ ಕಾರ್ಡು ಕೊಟ್ಟೆ. ಜ್ಞಾನಿಗೆ ಸತ್ಯ ಬೇಕು, ಮೋಸ ಹೋಗುವ ಭಯ ಇರುತ್ತದೆ ಅಂತ ಕಾರ್ಡಿನ ಹಿಂದೆ ಬರೆದಿತ್ತು. ಅಲ್ಲಿಂದ ಶುರುವಾಯಿತು ನೋಡಿ ಕಾಟ. ಹುಡುಗಿ ಗಂಟೆ ಎಷ್ಟು ಅಂತ ಕೇಳಿದರೂ ಮುದುಕ ಕಾಲದ ಬಗ್ಗೆ ಉಪದೇಶ ಮಾಡುತ್ತಾನೆ!

ಕುಂಟು ಕಾಲು ಕೊಟ್ಟೆ, ಕೆಮ್ಮು ಕೊಟ್ಟೆ. ಕುಂಟುತ್ತಾ ಕೆಮ್ಮುತ್ತಾ ಉಪದೇಶ ಮಾಡಿದ. ‘ಬಂಡಾಯಗಾರ’ ಕಾರ್ಡನ್ನೂ ಸೇರಿಸಿದೆ. ಅದೇ ಉಪದೇಶವನ್ನು ಕೂಗಿ ಹೇಳಿದ, ಅಷ್ಟೇ. ತಪ್ಪು ಎಲ್ಲಿದೆ ಅಂತ ಗೊತ್ತಾಗುವಷ್ಟರಲ್ಲಿ 40 ಪುಟ ಹಾಳಾಗಿತ್ತು. ಕಾರ್ಡು ಮನುಷ್ಯ ಎಂಥವನು ಅಂತ ಹೇಳುತ್ತದೆ. ಕತೆಯಲ್ಲಿ ಅವನು ಏನು ಮಾಡುತ್ತಾನೆ ಅಂತ ಹೇಳುವುದಿಲ್ಲ. 3ನೇ ಪುಟದ ಜ್ಞಾನಿ 40ನೇ ಪುಟದಲ್ಲೂ ಜ್ಞಾನಿಯೇ.

ಅಂದ ಹಾಗೆ, ಈ 12ರ ಪಟ್ಟಿಯನ್ನು ಎಲ್ಲರೂ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ತಲೆಗೆ ಕಟ್ಟುತ್ತಾರೆ. ಯೂಂಗ್ ಬರೆದದ್ದು ನೆರಳು, ಮುಖವಾಡ, ಅನಿಮಾ (ಗಂಡಿನ ಮನಸ್ಸಿನೊಳಗಿನ ಹೆಣ್ಣು) ಇಂಥವುಗಳ ಬಗ್ಗೆ. ಈಗ ಓಡಾಡುತ್ತಿರುವ 12ರ ಪಟ್ಟಿಗೆ ಹೆಸರು ತಂದುಕೊಟ್ಟವರು ಕರೋಲ್ ಪಿಯರ್ಸನ್ ಮತ್ತು ಮಾರ್ಗರೆಟ್ ಮಾರ್ಕ್. 2001ರ ಅವರ ಪುಸ್ತಕ ಇದ್ದದ್ದು ಬ್ರ್ಯಾಂಡ್ ಕಟ್ಟುವವರಿಗಾಗಿ. ಬ್ರ್ಯಾಂಡ್ ಬದಲಾಗಬಾರದು, ಸರಿ. ಪಾತ್ರ ಬದಲಾಗಬೇಕು ಅಲ್ವಾ?

ವ್ಲಾದಿಮಿರ್ ಪ್ರಾಪ್ ರಷ್ಯಾದ ಜಾನಪದ ವಿದ್ವಾಂಸ. 100 ಮಾಯಾ ಕತೆಗಳನ್ನು ಬಿಡಿಸಿ ನೋಡಿ 1928ರಲ್ಲಿ 31 ಘಟನೆಗಳನ್ನೂ 7 ಪಾತ್ರಗಳನ್ನೂ ಗುರುತಿಸಿದ. ಖಳ, ಕೊಡುವವ, ಸಹಾಯಕ, ರಾಜಕುಮಾರಿ ಮತ್ತು ಅವಳ ಅಪ್ಪ, ಕಳಿಸುವವ, ನಾಯಕ, ಸೋಗಿನ ನಾಯಕ. ಇವು ಸ್ವಭಾವಗಳಲ್ಲ, ಕೆಲಸಗಳು. ಒಬ್ಬನೇ ಎರಡು ಕೆಲಸ ಮಾಡಬಹುದು, ಒಂದೇ ಕೆಲಸ ಇಬ್ಬರಿಗೆ ಹಂಚಿಹೋಗಬಹುದು. ನನಗೆ ಬಾಗಿಲು ತೆರೆದದ್ದು ಈ ಮಾತು.

ಈ ಕತೆಗಳಲ್ಲಿ ಕೊಡುವವನು ಸುಮ್ನೆ ಕೊಡುವುದಿಲ್ಲ, ಮೊದಲು ಪರೀಕ್ಷೆ ಮಾಡುತ್ತಾನೆ. ಹಾಗಾಗಿ ಅಣ್ಣನ ಕಾಗದ ಮುದುಕನ ಹತ್ತಿರ ಇಟ್ಟೆ. ‘ಒಂದು ದಿನ ಅಂಗಡಿ ನೋಡಿಕೋ, ಆಮೇಲೆ ಕೊಡ್ತೀನಿ’ ಅಂದ. ಮಾತು ಕಡಿಮೆಯಾಯಿತು, ಮುದುಕ ಜೀವ ಹಿಡಿದ. ಆಮೇಲೆ ಸೋಗಿನ ನಾಯಕನ ಕೆಲಸವನ್ನೂ ಅವನಿಗೇ ಹೊರಿಸಿದೆ. ಹುಡುಕಿದ್ದು ತಂಗಿ, ‘ನಿನ್ನನ್ನು ಹುಡುಕಿಸಿದ್ದು ನಾನು’ ಅಂತ ಅಣ್ಣನ ಮುಂದೆ ಹೇಳಿಕೊಳ್ಳುವುದು ಮುದುಕ. ಇಷ್ಟು ವಯಸ್ಸಾದವನಿಗೆ ಈ ಹೆಸರು ಯಾಕೆ ಬೇಕು? ಆ ಪ್ರಶ್ನೆಯಿಂದಲೇ ಅವನ ಹಳೆಯ ಕತೆ ಬಂತು. ಅವನ ಮಗನೂ ಹೀಗೇ ಹೋದವನು, ಇವನು ಹುಡುಕಲು ಹೊರಟೇ ಇರಲಿಲ್ಲ.

ಪ್ರಾಪ್‌ನಲ್ಲಿ ಮನಸ್ಸಿನ ಒಳಗಿನ ಸುದ್ದಿ ಇಲ್ಲ. ಆ ಕೊರತೆಗೆ ನಾಟ್ಯಶಾಸ್ತ್ರದ ಅಷ್ಟನಾಯಿಕೆಯರು, ಅಂದರೆ ಎಂಟು ಬಗೆಯ ನಾಯಕಿಯರು, ಒದಗಿದರು. ಇವೂ ಸ್ವಭಾವಗಳಲ್ಲ, ಅವಸ್ಥೆಗಳು. ಇವತ್ತು ಸಿಂಗಾರವಾಗಿ ಕಾಯುವ ವಾಸಕಸಜ್ಜಿಕೆ ನಾಳೆ ಮೋಸಹೋದ ವಿಪ್ರಲಬ್ಧೆ ಆಗಬಹುದು. ತೊಡಕು ಒಂದೇ: ಎಂಟೂ ನಲ್ಲನ ಸುತ್ತಲೇ ತಿರುಗುತ್ತವೆ. ನಾನು ನಲ್ಲನನ್ನು ತೆಗೆದು ಅಣ್ಣನನ್ನು ಕೂರಿಸಿದೆ. ಜಗಳವಾಡಿ ಕಳಿಸಿ, ಆಮೇಲೆ ಕೊರಗುವ ಕಲಹಾಂತರಿತೆ ನನ್ನ ತಂಗಿಯೇ ಆಗಿಬಿಟ್ಟಳು.

ಮನುಷ್ಯರ ಸ್ವಭಾವವನ್ನು ವಿಂಗಡಿಸುವ ಎನಿಯಾಗ್ರಾಮ್‌ನ 9 ಬಗೆಗಳನ್ನೂ ನೋಡಿದೆ. ಪ್ರಶ್ನೆಗಳಿಗೆ ಉತ್ತರ ತುಂಬುವಷ್ಟರಲ್ಲಿ ನಾನು ಬರೆಯುವ ಅರ್ಧ ಗಂಟೆ ಮುಗಿದಿತ್ತು.

ದೊಡ್ಡ ಕಾದಂಬರಿ ಯೋಜನೆ ಮಾಡಿ, ಹತ್ತಾರು ಪಾತ್ರಗಳನ್ನು ನೆನಪಿಡಬೇಕಾದವರಿಗೆ ಕಾರ್ಡು ಒದಗಬಹುದು. ನನ್ನವು ಸಣ್ಣ ಕತೆಗಳು, ಕೈಯೂ ಸ್ವಲ್ಪ ಬಿಗಿ. ಒಂದು ಚೀಟಿಯ ಮೇಲೆ ಏಳು ಕೆಲಸ ಬರೆದು ಗೋಡೆಗೆ ಅಂಟಿಸಿದ್ದೇನೆ, ಸಾಕು. ಆರಕ್ಕೆ ಆಳು ಸಿಕ್ಕಿದೆ. ಕಳಿಸುವವ ಯಾರು ಅಂತ ಮಾತ್ರ ಇನ್ನೂ ಗೊತ್ತಿಲ್ಲ. ಆ ಕಾಗದ ಬಿಟ್ಟುಹೋದ ಅಣ್ಣನ ಮೇಲೇ ನನಗೆ ಅನುಮಾನ.